ಮಮದಾಪುರದ ಪಾರ್ಸೆಲ್ಲು: ಯಂತ್ರಕ್ಕೆ ಯಾವುದನ್ನು ಒಪ್ಪಿಸಬೇಕು?

ನಮ್ಮ ರಾಜ್ಯದಲ್ಲಿ ಮಮದಾಪುರವೆಂಬ ಹೆಸರಿನ ಊರು ಒಂದೇ ಅಲ್ಲ. ಬೆಳಗಾವಿ ಜಿಲ್ಲೆಯ ಗೋಕಾಕ ತಾಲ್ಲೂಕಿನಲ್ಲಿ ಒಂದು ಮಮದಾಪುರವುಂಟು. ವಿಜಯಪುರ ಜಿಲ್ಲೆಯಲ್ಲಿ, ಆದಿಲಶಾಹಿ ಕಾಲದ ಕೆರೆಗೆ ಹೆಸರಾದ ಮತ್ತೊಂದು ಮಮದಾಪುರವುಂಟು. ಬೆಂಗಳೂರಿನಲ್ಲಿ ಕುಳಿತವನೊಬ್ಬನು ಲಕೋಟೆಯ ಮೇಲೆ ಬರಿದೆ 'ಮಮದಾಪುರ' ಎಂದು ಬರೆದರೆ ಅದು ಯಾವ ಊರಿಗೆ ಹೋಗತಕ್ಕದ್ದು? ಹಿಂದೆ ಈ ಪ್ರಶ್ನೆಗೆ ಉತ್ತರ ಕೊಡುತ್ತಿದ್ದವನು ಅಂಚೆಯನ್ನು ವಿಂಗಡಿಸುವ ಗುಮಾಸ್ತ. ಪಡೆಯುವವರ ಹೆಸರು, ಮನೆತನ, ಕಳುಹಿಸಿದ ಊರು ಇವುಗಳನ್ನೆಲ್ಲ ನೋಡಿ ಅವನು ಊಹಿಸುತ್ತಿದ್ದನು. ಊಹೆ ಅನೇಕ ವೇಳೆ ಸರಿಯಾಗುತ್ತಿತ್ತು, ಕೆಲವು ವೇಳೆ ತಪ್ಪುತ್ತಿತ್ತು. 1972ನೆಯ ಇಸವಿ ಆಗಸ್ಟ್ 15ರಂದು ಪಿನ್‌ಕೋಡ್ ಪದ್ಧತಿಯು ಜಾರಿಗೆ ಬಂದಿತು. ಅದನ್ನು ರೂಪಿಸಿದ ಶ್ರೀರಾಮ ಭಿಕಾಜಿ ವೇಲಣಕರರು ಕೇಂದ್ರ ಸಂಪರ್ಕ ಸಚಿವಾಲಯದ ಅಧಿಕಾರಿಗಳು. ಸಂಸ್ಕೃತ ಕವಿಗಳೂ ಹೌದು. ಹಲವು ಲಿಪಿಗಳು, ಒಂದೇ ಹೆಸರಿನ ಹಲವು ಊರುಗಳು ಇರುವ ದೇಶಕ್ಕೆ ಅವರು ಕೊಟ್ಟುದು ಆರು ಅಂಕೆಗಳ ಒಂದು ಸಂಖ್ಯೆಯನ್ನು. ಮೊದಲ ಮೂರು ಅಂಕೆಗಳು 591 ಎಂದಿದ್ದರೆ ಬೆಳಗಾವಿ ಸೀಮೆಯ ಮಮದಾಪುರ, 586 ಎಂದಿದ್ದರೆ ವಿಜಯಪುರದ್ದು. ಗುಮಾಸ್ತನ ತಲೆಯಲ್ಲಿದ್ದ ಭೂಗೋಳಜ್ಞಾನವು ಹೀಗೆ ಲಕೋಟೆಯ ಮೇಲಕ್ಕೆ ಬಂದಿತು. ಅಕ್ಷರವನ್ನು ಓದಲಾರದ ಯಂತ್ರಕ್ಕೂ ಅಂದಿನಿಂದ ಅಂಚೆಯನ್ನು ವಿಂಗಡಿಸುವ ದಾರಿ ತೆರೆಯಿತು.

ಈಗ ಗೋಕಾಕ ಸೀಮೆಯ ಮಮದಾಪುರದಲ್ಲಿ ಒಂದು ಮನೆಯವರು ಕರದಂಟು ಮಾಡಿ ಆನ್‌ಲೈನಿನಲ್ಲಿ ಮಾರುತ್ತಾರೆಂದು ವಾಚಕರು ಊಹಿಸಿಕೊಳ್ಳಬೇಕು. ಗೋಕಾಕದ ಕರದಂಟನ್ನು ಬಣ್ಣಿಸುವ ಅಗತ್ಯವಿಲ್ಲವಾದರೂ ಬಣ್ಣಿಸದೆ ಮುಂದಕ್ಕೆ ಹೋಗಲು ಮನಸ್ಸೊಪ್ಪದು: ತುಪ್ಪದಲ್ಲಿ ಕರಿದ ಅಂಟು, ಬೆಲ್ಲದ ಪಾಕ, ಒಣಕೊಬ್ಬರಿ, ಗೋಡಂಬಿ, ಬಾದಾಮಿ, ಉತ್ತತ್ತಿ. ಬೇಗನೆ ಕೆಡದ ಪದಾರ್ಥವಾದುದರಿಂದ ದೂರದೂರಿಗೆ ಕಳುಹಿಸಲು ಯೋಗ್ಯವಾದುದು. ದಿನಕ್ಕೆ ನಲವತ್ತು ಪಾರ್ಸೆಲ್ಲುಗಳು ಹೊರಡುತ್ತವೆ ಎನ್ನೋಣ. ವಾಟ್ಸ್‌ಆಪಿನಲ್ಲಿ ಬಂದ ಆರ್ಡರುಗಳನ್ನು ಓದಿ ವಿಳಾಸ ಬರೆಯುವುದಕ್ಕೆ ಒಂದೊಂದಕ್ಕೆ ಎರಡು ನಿಮಿಷದಂತೆ 80 ನಿಮಿಷ. ಹಣ ಬಂದಿತೇ ಎಂದು ತಾಳೆ ನೋಡುವುದಕ್ಕೆ 40 ನಿಮಿಷ. ಡಬ್ಬಿ ತುಂಬಿ ಕಟ್ಟುವುದಕ್ಕೆ 200 ನಿಮಿಷ. ಗಿರಾಕಿಗಳ ಪ್ರಶ್ನೆಗೆ ಉತ್ತರ ಕೊಡುವುದಕ್ಕೆ 40 ನಿಮಿಷ. ಒಟ್ಟು ಆರು ತಾಸು. ಅಡುಗೆ ಮನೆಯ ಕೆಲಸ ಬೇರೆ. ಇವುಗಳಲ್ಲಿ ಯಾವುದನ್ನು ಯಂತ್ರಕ್ಕೆ ಒಪ್ಪಿಸಬೇಕು ಎಂಬುದೇ ನಮ್ಮ ಇಂದಿನ ವಿಚಾರ.

ಸಾಮಾನ್ಯವಾಗಿ ಜನರು ಯಾವುದು ಹೆಚ್ಚು ಬೇಸರ ತರುವುದೋ ಅದನ್ನು ಮೊದಲು ಯಂತ್ರಕ್ಕೆ ಕಟ್ಟುತ್ತಾರೆ. ಈ ಮನೆಯಲ್ಲಿ ಅದು ವಿಳಾಸ ಬರೆಯುವ ಕೆಲಸ. ಒಳ್ಳೆಯದು, ಆದರೆ ಲೆಕ್ಕ ಏನು ಹೇಳುತ್ತದೆ? ಗಣಕವು ಆ ಕೆಲಸವನ್ನು ಸೊನ್ನೆ ನಿಮಿಷದಲ್ಲಿ ಮುಗಿಸಿದರೂ 360 ನಿಮಿಷದಲ್ಲಿ ಉಳಿಯುವುದು 80. ಒಟ್ಟು ವೇಗವು ಹೆಚ್ಚುವುದು ಸುಮಾರು 1.29 ಪಟ್ಟು ಮಾತ್ರ. ಗಣಕಗಳ ವಿಷಯದಲ್ಲಿ ಜೀನ್ ಆಮ್ಡಾಲ್ ಎಂಬ ಅಮೆರಿಕದ ಎಂಜಿನಿಯರರು 1967ರಲ್ಲಿ ತೋರಿಸಿಕೊಟ್ಟದ್ದು ಇದೇ ತತ್ತ್ವವನ್ನು: ಒಂದು ಭಾಗವನ್ನು ಎಷ್ಟೇ ತ್ವರೆಗೊಳಿಸಿದರೂ ಉಳಿದ ಭಾಗವು ಒಟ್ಟು ವೇಗಕ್ಕೆ ಮಿತಿಯನ್ನು ಹಾಕುತ್ತದೆ. ಒಲೆಯ ಮೇಲಿರುವುದು ಒಂದೇ ಕಡಾಯಿಯಾದರೆ ಆರ್ಡರುಗಳನ್ನು ಮಿಂಚಿನ ವೇಗದಲ್ಲಿ ಓದಿದುದರಿಂದ ಆಗುವ ಲಾಭವಾದರೂ ಏನು? ಗಿರಾಕಿಯು ಮೊದಲು ಮನೆಯವರ ಉತ್ತರಕ್ಕಾಗಿ ಕಾಯುತ್ತಿದ್ದನು. ಈಗ ಕರದಂಟಿಗಾಗಿ ಕಾಯುವನು, ಅಷ್ಟೇ.

ಇನ್ನು, ಯಂತ್ರಕ್ಕೆ ಯಾವುದು ಯೋಗ್ಯ, ಮನುಷ್ಯನಿಗೆ ಯಾವುದು ಯೋಗ್ಯ ಎಂಬ ವಿಂಗಡಣೆಯು ಹಳೆಯದು. 1951ರಲ್ಲಿ ಪಾಲ್ ಫಿಟ್ಸ್ ಎಂಬ ಮನಶ್ಶಾಸ್ತ್ರಜ್ಞರೂ ಅವರ ಸಂಗಡಿಗರೂ ವಿಮಾನಸಂಚಾರದ ನಿಯಂತ್ರಣವನ್ನು ಕುರಿತ ಒಂದು ವರದಿಯಲ್ಲಿ ಇಂತಹ ಪಟ್ಟಿಯನ್ನು ಕೊಟ್ಟರು. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವುದು, ಕ್ಷಿಪ್ರವಾಗಿ ಲೆಕ್ಕ ಹಾಕುವುದು ಯಂತ್ರದ ಪಾಲಿಗೆ. ರೂಪಗಳನ್ನು ಗುರುತಿಸುವುದು, ಸಂದರ್ಭಕ್ಕೆ ತಕ್ಕ ಉಪಾಯ ಹೂಡುವುದು, ವಿವೇಚನೆ ಮಾಡುವುದು ಮನುಷ್ಯನ ಪಾಲಿಗೆ. ಬಹುಕಾಲ ಈ ಪಟ್ಟಿಯೇ ದಾರಿದೀಪವಾಗಿತ್ತು. ಆದರೆ ಇಂದು ಗಣಕವು ರೂಪವನ್ನೂ ಗುರುತಿಸುತ್ತದೆ, ಕನ್ನಡದ ದನಿಯನ್ನು ಕೇಳಿ ಬರವಣಿಗೆಗೂ ಇಳಿಸುತ್ತದೆ. ಆದುದರಿಂದ 'ಯಂತ್ರವು ಇದನ್ನು ಮಾಡಬಲ್ಲುದೇ?' ಎಂದು ಕೇಳುವುದರಲ್ಲಿ ಈಗ ಹೆಚ್ಚಿನ ಪ್ರಯೋಜನವಿಲ್ಲ. ಅದು ತಪ್ಪು ಮಾಡಿದಾಗ ಆ ತಪ್ಪು ಯಾರ ಕಣ್ಣಿಗೆ, ಎಷ್ಟು ಬೇಗ ಬೀಳುತ್ತದೆ? ಬಿದ್ದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಬಹುದೇ? ನಮ್ಮ ಅಭಿಪ್ರಾಯದಲ್ಲಿ ಕೇಳಬೇಕಾದುದು ಇದನ್ನು.

ಹಣದ ವಿಷಯವನ್ನೇ ತೆಗೆದುಕೊಳ್ಳಿ. 2016ರಲ್ಲಿ ಯುಪಿಐ ಬಂದ ಮೇಲೆ ಹಳ್ಳಿಯ ಚಹಾದಂಗಡಿಯಲ್ಲಿಯೂ ಹಣ ಬಂದಿತೆಂದು ಸಾರುವ ಪೆಟ್ಟಿಗೆಯನ್ನು ಕಾಣುತ್ತೇವೆ. ಹಣ ಕೊಡದೆಯೇ ಕೊಟ್ಟಂತೆ ತೋರಿಸುವ ಸುಳ್ಳು ಸ್ಕ್ರೀನ್‌ಶಾಟ್ ಮನುಷ್ಯನ ಕಣ್ಣನ್ನು ವಂಚಿಸಬಲ್ಲುದು. ಬ್ಯಾಂಕಿನ ಲೆಕ್ಕದೊಡನೆ ನೇರವಾಗಿ ತಾಳೆ ನೋಡುವ ಯಂತ್ರವನ್ನು ಅದು ವಂಚಿಸಲಾರದು. ಇಲ್ಲಿ ಮನುಷ್ಯನನ್ನು ಕೂರಿಸುವುದೇ ಅವಿವೇಕ. ಆದರೆ ಹಣ ಹಿಂದಿರುಗಿಸುವ ಕೆಲಸ ಹಾಗಲ್ಲ. ಮನೆಯಿಂದ ಹೊರಟ ಹಣವನ್ನು ಕಳುಹಿಸಿದವರು ತಾವಾಗಿ ಮರಳಿ ಎಳೆದುಕೊಳ್ಳಲಾಗದು. ಒಳಬರುವ ಹಣಕ್ಕೆ ಯಂತ್ರ, ಹೊರಹೋಗುವ ಹಣಕ್ಕೆ ಮನೆಯ ಹಿರಿಯರ ಒಪ್ಪಿಗೆ: ಇದು ನಮಗೆ ಸರಿತೋರುವ ಏರ್ಪಾಡು.

ಬೆಲೆ ಕಟ್ಟುವ ಕೆಲಸವನ್ನು ಯಂತ್ರಕ್ಕೆ ಬಿಟ್ಟರೆ ಏನಾಗಬಹುದೆಂಬುದಕ್ಕೆ 2011ರ ಒಂದು ಪ್ರಸಂಗವುಂಟು. ವಿಜ್ಞಾನದ ವಾಚಕರಿಗೆ ಅದು ವಿನೋದಕರವೂ ಆಗಿದೆ. ನೊಣದ ಭ್ರೂಣವು ಬೆಳೆಯುವ ಬಗೆಯನ್ನು ಕುರಿತು ಪೀಟರ್ ಲಾರೆನ್ಸ್ ಎಂಬ ವಿಜ್ಞಾನಿ ಬರೆದ ಪುಸ್ತಕವು ಅಮೆಜಾನಿನಲ್ಲಿ ಇಬ್ಬರು ವ್ಯಾಪಾರಿಗಳ ಬಳಿ ಹೊಸ ಪ್ರತಿಯಾಗಿ ದೊರೆಯುತ್ತಿತ್ತು. ಒಬ್ಬನ ತಂತ್ರಾಂಶವು ದಿನಕ್ಕೊಮ್ಮೆ ತನ್ನ ಬೆಲೆಯನ್ನು ಎದುರಾಳಿಯ ಬೆಲೆಯ 0.9983 ಪಟ್ಟಿಗೆ ಇಳಿಸುತ್ತಿತ್ತು. ಮತ್ತೊಬ್ಬನದು ತನ್ನ ಬೆಲೆಯನ್ನು ಮೊದಲನೆಯವನ ಬೆಲೆಯ ಸುಮಾರು 1.2706 ಪಟ್ಟಿಗೆ ಏರಿಸುತ್ತಿತ್ತು. ಬಿಡಿಬಿಡಿಯಾಗಿ ನೋಡಿದರೆ ಎರಡರಲ್ಲಿಯೂ ದೋಷವಿಲ್ಲ. ಎರಡನ್ನೂ ಗುಣಿಸಿದರೆ ಬರುವುದು ಸುಮಾರು 1.268, ಎಂದರೆ ಪ್ರತಿ ಸುತ್ತಿಗೂ ಬೆಲೆಯು ನೂರಕ್ಕೆ ಇಪ್ಪತ್ತಾರಕ್ಕಿಂತ ಹೆಚ್ಚಾಗಿ ಬೆಳೆಯುತ್ತದೆ. ಚಕ್ರಬಡ್ಡಿಯನ್ನು ಬಲ್ಲವರು ಮುಂದಿನದನ್ನು ತಾವೇ ಊಹಿಸಬಹುದು. ಏಪ್ರಿಲ್ 18ರಂದು ಪುಸ್ತಕದ ಬೆಲೆ 2,36,98,655 ಡಾಲರಿಗೆ ಮುಟ್ಟಿತು. ನೂರು ಡಾಲರಿನಿಂದ ಹೊರಟರೂ ಈ ಮೊತ್ತವನ್ನು ತಲುಪಲು ಸುಮಾರು 52 ಸುತ್ತು ಸಾಕು. ಯಾರೂ ಕೊಳ್ಳಲಿಲ್ಲವಾದುದರಿಂದ ಇದು ನಗೆಯಲ್ಲಿ ಮುಗಿಯಿತು. 2014ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಸಣ್ಣ ವ್ಯಾಪಾರಿಗಳಿಗಾದುದು ನಗೆಯ ವಿಷಯವಲ್ಲ. ಬೆಲೆ ಹೊಂದಿಸುವ ತಂತ್ರಾಂಶವೊಂದು ಕೆಟ್ಟು, ಒಂದು ತಾಸಿನ ಕಾಲ ಅವರ ಸರಕುಗಳ ಬೆಲೆಯನ್ನು ಒಂದು ಪೆನ್ನಿಗೆ ಇಳಿಸಿಬಿಟ್ಟಿತು. ಕೊಳ್ಳುವವರು ಕಾದಿದ್ದರು. ಅಂಗಡಿಯಲ್ಲಿ ಕುಳಿತ ಯಾವ ಹುಡುಗನೂ ಒಂದು ಪೆನ್ನಿಗೆ ಆಟದ ಸಾಮಾನನ್ನು ಕೊಡುವುದಿಲ್ಲ. ಯಂತ್ರಕ್ಕೆ ಆ ನಾಚಿಕೆ ಇಲ್ಲ. ಬೆಲೆಗೆ ಮೇಲೊಂದು ಕೆಳಗೊಂದು ಎಲ್ಲೆಯನ್ನು ಹಾಕಿ, ಅದನ್ನು ದಾಟುವಾಗ ಮನೆಯವರನ್ನು ಕೇಳುವಂತೆ ಮಾಡಿದ ಹೊರತು ಈ ಕೆಲಸವನ್ನು ಯಂತ್ರಕ್ಕೆ ಬಿಡಲಾಗದು.

ನಮ್ಮ ನಾಡಿನಲ್ಲಿ ಇದೇ ಪ್ರಶ್ನೆಯನ್ನು ದೊಡ್ಡ ಪ್ರಮಾಣದಲ್ಲಿ ಎದುರಿಸಿದವರು ಕೃಷಿ ಮಾರುಕಟ್ಟೆಯವರು. ಕರ್ನಾಟಕ ಸರ್ಕಾರವೂ ಎನ್‌ಸಿಡಿಇಎಕ್ಸ್ ಸ್ಪಾಟ್ ಎಕ್ಸ್‌ಚೇಂಜ್ ಸಂಸ್ಥೆಯೂ ಕೂಡಿ ಕಟ್ಟಿದ ರಾಷ್ಟ್ರೀಯ ಇ-ಮಾರುಕಟ್ಟೆ ಸೇವಾ ಸಂಸ್ಥೆಯು 2014ರಿಂದ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ನಡೆಸತೊಡಗಿತು. ಹಿಂದೆ ವ್ಯಾಪಾರಿಗಳು ಚೀಟಿಯಲ್ಲಿ ಬೆಲೆ ಬರೆದು ಹಾಕುವರು. ಸಿಬ್ಬಂದಿಯವರು ಸಾವಿರಾರು ಚೀಟಿಗಳನ್ನು ಬಿಡಿಸಿ, ಹೆಚ್ಚಿನ ಬೆಲೆಯನ್ನು ಹುಡುಕಿ ಸಾರುವರು. ಈ ಹುಡುಕಾಟವು ಗಣಕದ ಪಾಲಾಯಿತು. ಅದು ಆಗಬೇಕಾದುದೇ, ದೊಡ್ಡ ಸಂಖ್ಯೆಯನ್ನು ಆರಿಸುವುದರಲ್ಲಿ ವಿವೇಚನೆಗೆ ಎಡೆಯಿಲ್ಲ, ಮೋಸಕ್ಕೆ ಮಾತ್ರ ಎಡೆಯಿದ್ದಿತು. ಆದರೆ ಬ್ಯಾಡಗಿಯಲ್ಲಿ ಮೆಣಸಿನಕಾಯಿಯನ್ನು ಮುರಿದು, ಮೂಸಿ, ಬಣ್ಣವನ್ನು ಬೆಳಕಿಗೆ ಹಿಡಿದು ನೋಡುವ ಕೆಲಸ ವ್ಯಾಪಾರಿಯ ಕೈಯಲ್ಲಿಯೇ ಉಳಿಯಿತು. ಅದಕ್ಕಿಂತ ಮುಖ್ಯವಾದುದು ಇನ್ನೊಂದು: ಗಣಕವು ಸಾರಿದ ಬೆಲೆ ಒಪ್ಪಿಗೆಯಾಗದಿದ್ದರೆ ಮಾಲನ್ನು ಕೊಡುವುದಿಲ್ಲವೆನ್ನುವ ಹಕ್ಕು ರೈತನಿಗೆ ಉಳಿಯಿತು. ಎಣಿಸುವುದನ್ನು ಕೊಟ್ಟು, ಬೇಡವೆನ್ನುವುದನ್ನು ಇಟ್ಟುಕೊಂಡರು. ಮಮದಾಪುರದ ಮನೆಯವರು ಇದನ್ನು ಹೋಗಿ ನೋಡಿ ಬರುವುದು ಒಳಿತು.

ಎಲ್ಲಕ್ಕಿಂತ ಸೂಕ್ಷ್ಮವಾದುದು ಗಿರಾಕಿಯೊಡನೆ ಮಾತು. ಬೆಳಿಗ್ಗೆ ಒಂದು ದನಿಸಂದೇಶ ಬರುತ್ತದೆ: "ಅಕ್ಕಾರ, ನಮ್ಮ ಅವ್ವಗ ಸಕ್ಕರಿ ಐತ್ರಿ, ಹಲ್ಲೂ ಗಟ್ಟಿ ಇಲ್ಲ. ಆದರೂ ತಿನಬೇಕ ಅಂತಾಳ. ಏನ್ ಮಾಡೂಣ್ರಿ?" ಇದನ್ನು ಆರ್ಡರು ಎನ್ನಬೇಕೋ, ಸಲಹೆ ಕೇಳಿದುದೆನ್ನಬೇಕೋ? ಯಂತ್ರವು ಪದಗಳನ್ನು ತಪ್ಪಿಲ್ಲದೆ ಬರೆದುಕೊಂಡು 'ಅರ್ಧ ಕಿಲೋ, ಬೆಲೆ ಇಷ್ಟು' ಎಂದು ಉತ್ತರಿಸಬಹುದು. ಮನೆಯ ಹಿರಿಯಳಾದರೆ ಒಂದು ಸಣ್ಣ ತುಣುಕು ಸಾಕೆಂದೂ, ವೈದ್ಯರನ್ನು ಕೇಳಿರೆಂದೂ ಹೇಳುವಳು. ಆ ದಿನದ ಮಾರಾಟ ಹೋದರೂ ಗಿರಾಕಿ ಹೋಗುವುದಿಲ್ಲ.

ಇನ್ನೊಂದು ಸಂದರ್ಭ. ಕರದಂಟನ್ನು ಬಾಣಂತಿಯರಿಗೆ ಕೊಡುವ ರೂಢಿ ನಮ್ಮಲ್ಲಿ ಉಂಟಷ್ಟೆ. 'ಬಾಣಂತಿಗಾಗಿ' ಎಂದು ಆರ್ಡರು ಬರೆಸಿದ ಮನೆಗೆ ತಿಂಗಳಾದ ಮೇಲೆ ತಾನಾಗಿ ಒಂದು ನೆನಪಿನ ಸಂದೇಶ ಹೋಗುವಂತೆ ಮಾಡುವುದು ಬಲು ಸುಲಭ: 'ತಾಯಿ ಮಗು ಕ್ಷೇಮವೇ? ಇನ್ನೊಂದು ಡಬ್ಬಿ ಕಳುಹಿಸೋಣವೇ?' ನೂರು ಮನೆಗಳಲ್ಲಿ ಇದನ್ನು ಓದಿ ಸಂತೋಷಪಡುವರು. ಆದರೆ ಮಗು ಉಳಿಯದ ಮನೆಯೊಂದಕ್ಕೂ ಅದೇ ಸಂದೇಶ, ಅದೇ ಹೂವಿನ ಚಿತ್ರದೊಡನೆ ಹೋಗುತ್ತದೆ. ಆ ಮನೆಯವರು ದೂರು ಬರೆಯುವುದಿಲ್ಲ. ಕಳುಹಿಸಿದವರಿಗೆ ಏನೂ ತಿಳಿಯುವುದಿಲ್ಲ. ಲಾಭದ ಲೆಕ್ಕದಲ್ಲಿ ಈ ತಪ್ಪು ಎಂದೂ ಕಾಣಿಸಿಕೊಳ್ಳದು. ಕೈಯಿಂದ ಕಳುಹಿಸಿದರೂ ಈ ತಪ್ಪು ಆಗಬಹುದೆಂದು ವಾಚಕರು ಹೇಳಬಹುದು, ನಿಜ. ಆದರೆ ಕೈಯಿಂದ ಕಳುಹಿಸುವವರು ಮೊದಲು ಕೇಳುವರು, ದನಿಯನ್ನು ಗಮನಿಸುವರು, ತಪ್ಪಾದರೆ ಕ್ಷಮೆ ಬೇಡುವರು. ಇಂತಹ ಸಂದೇಶವನ್ನು ಯಂತ್ರಕ್ಕೆ ಒಪ್ಪಿಸಕೂಡದೆಂಬುದು ನಮ್ಮ ಖಚಿತವಾದ ಮತ.

ಯಂತ್ರವು ಆಡಿದ ಮಾತಿಗೆ ತಾನು ಹೊಣೆಯಲ್ಲವೆಂದು ವ್ಯಾಪಾರಿಯು ಕೈ ತೊಳೆದುಕೊಳ್ಳುವಂತೆಯೂ ಇಲ್ಲ. ಏರ್ ಕೆನಡಾ ಸಂಸ್ಥೆಯ ಚಾಟ್‌ಬಾಟ್, ಬಂಧುವಿಯೋಗದ ಪ್ರಯಾಣಕ್ಕೆ ಸಿಗುವ ರಿಯಾಯಿತಿಯ ವಿಷಯದಲ್ಲಿ ಪ್ರಯಾಣಿಕರೊಬ್ಬರಿಗೆ ತಪ್ಪು ತಿಳಿಸಿದ್ದಿತು. ಆ ಚಾಟ್‌ಬಾಟ್ ತನ್ನ ಮಾತಿಗೆ ತಾನೇ ಹೊಣೆಯಾದ ಬೇರೊಂದು ವ್ಯಕ್ತಿಯೋ ಎಂಬಂತೆ ಸಂಸ್ಥೆಯವರು ವಾದಿಸಿದರು. 2024ರ ಫೆಬ್ರವರಿಯಲ್ಲಿ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಲಿಯು ಆ ವಾದವನ್ನು ತಳ್ಳಿಹಾಕಿ ಪರಿಹಾರ ಕೊಡಿಸಿತು.

ಹಾಗಾದರೆ ಸುಲಭವಾದುದೆಲ್ಲವೂ ಯಂತ್ರಕ್ಕೆ, ಕಠಿನವಾದುದು ಮನುಷ್ಯನಿಗೆ ಎಂದು ನಿಶ್ಚಯಿಸಿದರೆ ಆಯಿತೇ? ಅಲ್ಲಿಯೂ ಒಂದು ತೊಡಕು ಇದೆ. ಲಿಸಾನ್ ಬೇನ್‌ಬ್ರಿಜ್ ಎಂಬ ಬ್ರಿಟಿಷ್ ಮನಶ್ಶಾಸ್ತ್ರಜ್ಞೆಯು 1983ರಲ್ಲಿ ಇದನ್ನು ಎತ್ತಿ ತೋರಿಸಿದರು: ಸುಲಭವಾದ ಭಾಗಗಳನ್ನು ಯಂತ್ರವು ಕಸಿದುಕೊಂಡರೆ, ಕಠಿನವಾದುದನ್ನು ಮಾಡಲು ಬೇಕಾದ ಅಭ್ಯಾಸವು ಮನುಷ್ಯನಿಗೆ ತಪ್ಪಿಹೋಗುತ್ತದೆ. ಅಂಟನ್ನು ಕರಿಯುವುದರಲ್ಲಿ ಇದು ಸ್ಪಷ್ಟವಾಗಿದೆ. ಅಂಟಿನೊಳಗಿನ ತೇವವು ಕಾದ ತುಪ್ಪದಲ್ಲಿ ಉಗಿಯಾಗಿ ಹರಳನ್ನು ಅರಳಿಸುತ್ತದೆ. ಹರಳು ದೊಡ್ಡದಾಗಿದ್ದರೆ ಹೊರಗೆ ಅರಳಿ ಒಳಗೆ ಹಸಿಯಾಗಿಯೇ ಉಳಿದು ಹಲ್ಲಿಗೆ ಹತ್ತುತ್ತದೆ. ದಿನವೂ ಕರಿದವಳಿಗೆ ಸದ್ದಿನಿಂದಲೇ ಇದು ತಿಳಿಯುತ್ತದೆ. ಹಾಗೆಯೇ ದಿನಕ್ಕೆ ನಲವತ್ತು ಆರ್ಡರುಗಳನ್ನು ಓದಿದವರಿಗೆ ಯಾವ ಊರಿನವರು ಮತ್ತೆ ತರಿಸುವುದನ್ನು ನಿಲ್ಲಿಸಿದರು, ಯಾವ ತಿಂಗಳ ಬೆಲ್ಲಕ್ಕೆ ದೂರು ಬಂದಿತು ಎಂಬುದು ಕೇಳದೆಯೇ ಮನಸ್ಸಿಗೆ ಬರುತ್ತದೆ. ಓದುವ ಕೆಲಸವನ್ನು ಪೂರ್ತಿಯಾಗಿ ಬಿಟ್ಟುಕೊಟ್ಟ ಮನೆಯವರು ವಾರದಲ್ಲೊಂದು ದಿನವಾದರೂ ತಾವೇ ಓದುವುದು ಮೇಲು.

ಕೊನೆಗೆ, ವಿಳಾಸ ಬರೆಯಲು ಬರುವ ನೆರೆಮನೆಯ ಹುಡುಗಿಯ ಮಾತು. ಈ ಸೀಮೆಗೆ ಯಂತ್ರವು ಹೊಸದಲ್ಲ. ಘಟಪ್ರಭೆಯ ನೀರಿನ ಬಲದಿಂದ ಗೋಕಾಕ ಫಾಲ್ಸಿನ ನೂಲಿನ ಗಿರಣಿ 1887ರಲ್ಲಿ ನಡೆಯತೊಡಗಿ, ಅದರ ಸುತ್ತ ಒಂದು ಊರೇ ಬೆಳೆಯಿತು. ತಿಂಗಳಿಗಿಷ್ಟೆಂದು ಬಾಡಿಗೆ ಕೇಳುವ ತಂತ್ರಾಂಶವು ಯಾವ ಊರನ್ನೂ ಬೆಳೆಸುವುದಿಲ್ಲ. ಹುಡುಗಿಯ ಕೂಲಿಯಾಗಿ ಮಮದಾಪುರದಲ್ಲಿ ಉಳಿಯುತ್ತಿದ್ದ ಹಣವು ದೂರದ ನಗರಕ್ಕೆ ಹೋಗುತ್ತದೆ. ಹಾಗೆಂದು ಅವಳನ್ನು ದಿನಕ್ಕೆ ನಲವತ್ತು ಬಾರಿ ಅದೇ ಅಂಕೆಗಳನ್ನು ಬರೆಯಲು ಕೂರಿಸಬೇಕೆಂದು ನಾವು ಹೇಳುವುದಿಲ್ಲ. ವಿಳಾಸದ ಚೀಟಿಗಳನ್ನು ಯಂತ್ರವೇ ಅಚ್ಚುಮಾಡಲಿ. ಊರಿನ ಹೆಸರಿಗೂ ಪಿನ್‌ಕೋಡಿಗೂ ತಾಳೆ ಬೀಳದ ಚೀಟಿಗಳು ಮಾತ್ರ ಬೇರೊಂದು ಬುಟ್ಟಿಗೆ ಬೀಳಲಿ. ಹುಡುಗಿಯು ಆ ಬುಟ್ಟಿಯನ್ನು ಮುಂದಿಟ್ಟುಕೊಂಡು, ಫೋನನ್ನು ಕೈಗೆತ್ತಿಕೊಂಡು ಒಬ್ಬೊಬ್ಬರನ್ನೇ ಕೇಳಲಿ: "ಯಾವ ಮಮದಾಪುರರೀ? ಕೆರಿ ಇರೂದೋ, ನಮ್ಮದೋ?"