ಮನೆಬಾಗಿಲಿನ ಚಿಕಿತ್ಸೆ: ದಯೆಯೋ, ಹಕ್ಕೋ?

ಕಾಲಿನಲ್ಲಿ ಬಲವಿಲ್ಲದವನು ಮೆಟ್ಟಿಲೇರಲಾರನೆಂದರೆ ತಪ್ಪು ಕಾಲಿನದೋ, ಮೆಟ್ಟಿಲಿನದೋ? ಬಹುಕಾಲ ಸಮಾಜವು ಕಾಲಿನತ್ತಲೇ ಬೆರಳು ತೋರಿತು. ಪ್ರಶ್ನೆಯನ್ನು ತಿರುಗಿಸಿ ಕೇಳಿದವರು ಅಂಗವಿಕಲರೇ.

1953ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಎಡ್ ರಾಬರ್ಟ್ಸ್ ಎಂಬ 14 ವರ್ಷದ ಬಾಲಕನಿಗೆ ಪೋಲಿಯೊ ತಗಲಿತು. ಈ ರೋಗದ ವೈರಸ್ಸು ಬೆನ್ನುಹುರಿಯಲ್ಲಿದ್ದು ಸ್ನಾಯುಗಳನ್ನು ನಡೆಸುವ ನರಕೋಶಗಳನ್ನು ನಾಶಮಾಡಬಲ್ಲುದು. ಬಾಲಕನ ಕೈಕಾಲುಗಳು ಬಹುಮಟ್ಟಿಗೆ ನಿಶ್ಚಲವಾದುವು. ಉಸಿರಾಟದ ಸ್ನಾಯುಗಳೂ ಸೋತುವು. ಆತನು ‘ಕಬ್ಬಿಣದ ಶ್ವಾಸಕೋಶ’ವೆಂಬ ಪೀಪಾಯಿಯಂತಹ ಯಂತ್ರದಲ್ಲಿ ಮಲಗಬೇಕಾಯಿತು. ಅದರೊಳಗೆ ಗಾಳಿಯ ಒತ್ತಡ ತಗ್ಗಿದಾಗ ಎದೆ ಹಿಗ್ಗಿ ಉಸಿರು ಒಳಬರುತ್ತದೆ. ಒತ್ತಡ ಏರಿದಾಗ ಹೊರಹೋಗುತ್ತದೆ.

ಮುಂದೆ ಆತನು ಕಾಲೇಜಿಗೆ ನೆರವು ಬೇಡಿದಾಗ, ಈತನು ದುಡಿಯಲಾರನೆಂದು ರಾಜ್ಯದ ಪುನರ್ವಸತಿ ಇಲಾಖೆಯು ಮೊದಲು ನಿರಾಕರಿಸಿತು. ಹೋರಾಡಿ 1962ರಲ್ಲಿ ಬರ್ಕ್‌ಲಿ ವಿಶ್ವವಿದ್ಯಾನಿಲಯವನ್ನು ಸೇರಿದರೆ, ಯಂತ್ರವನ್ನು ಇಡಲು ವಿದ್ಯಾರ್ಥಿನಿಲಯದಲ್ಲಿ ಸ್ಥಳವಿಲ್ಲ! ವಿಶ್ವವಿದ್ಯಾನಿಲಯದ ಆಸ್ಪತ್ರೆಯೇ ವಸತಿಯಾಯಿತು. 1972ರಲ್ಲಿ ರಾಬರ್ಟ್ಸ್ ಮತ್ತು ಸಂಗಡಿಗರು ‘ಸ್ವತಂತ್ರ ಜೀವನ ಕೇಂದ್ರ’ವನ್ನು ಕಟ್ಟಿದರು. ಸಹಾಯಕರನ್ನು ಒದಗಿಸುವುದು, ಮನೆ ಹುಡುಕಿಕೊಡುವುದು, ಗಾಲಿಕುರ್ಚಿಯ ದುರಸ್ತಿ ಇವೆಲ್ಲ ಅದರ ಕೆಲಸ, ನಡೆಸುವವರು ಅಂಗವಿಕಲರೇ. 1975ರಲ್ಲಿ ರಾಬರ್ಟ್ಸ್ ಅದೇ ಪುನರ್ವಸತಿ ಇಲಾಖೆಗೆ ಮುಖ್ಯಸ್ಥರಾದರು.

ಸರಕಾರದ ಹಣ ಪಡೆಯುವ ಸಂಸ್ಥೆಗಳು ಅಂಗವಿಕಲರನ್ನು ದೂರವಿಡಕೂಡದೆಂದು 1973ರಲ್ಲಿ ಅಲ್ಲಿ ಕಾನೂನಾಯಿತು. ನಿಯಮಗಳಿಗೆ ಮಾತ್ರ ಸಹಿ ಬೀಳಲಿಲ್ಲ. 1977ರ ಏಪ್ರಿಲಿನಲ್ಲಿ ನೂರಕ್ಕೂ ಹೆಚ್ಚು ಮಂದಿ ಸ್ಯಾನ್ ಫ್ರಾನ್ಸಿಸ್ಕೊದ ಸರಕಾರಿ ಕಟ್ಟಡದಲ್ಲಿ ಮೂರು ವಾರಗಳಿಗೂ ಮೀರಿ ಧರಣಿ ಕುಳಿತ ಮೇಲೆಯೇ ಸಹಿ ಬಿತ್ತು.

ಬೇಕಾದ ನೆರವು ಜನರು ವಾಸಿಸುವಲ್ಲಿಯೇ ದೊರೆಯಬೇಕೆಂಬ ಬರ್ಕ್‌ಲಿಯ ಪಾಠವು ನಮ್ಮ ಹಳ್ಳಿಗಳಿಗೂ ಸಲ್ಲುತ್ತದೆ. 2011ರ ಜನಗಣತಿಯಂತೆ ಭಾರತದ 2.68 ಕೋಟಿ ಅಂಗವಿಕಲರಲ್ಲಿ 1.86 ಕೋಟಿ ಜನ ಗ್ರಾಮವಾಸಿಗಳು. ಆಡದ ಕೀಲು ಬಿಗಿಯುತ್ತದೆ, ದುಡಿಯದ ಸ್ನಾಯು ಸೊರಗುತ್ತದೆ. ಆದುದರಿಂದ ವ್ಯಾಯಾಮಚಿಕಿತ್ಸೆಯು ಬಹುಕಾಲ ಎಡೆಬಿಡದೆ ನಡೆಯಬೇಕು. ಕೂಲಿಯನ್ನು ಬಿಟ್ಟು ಮಗುವನ್ನೆತ್ತಿಕೊಂಡು ನಗರದ ಆಸ್ಪತ್ರೆಗೆ ತಾಯಿಯು ಎಷ್ಟು ಸಲ ಹೋದಾಳು? 1978ರ ಆಲ್ಮಾ ಅಟಾ ಸಮ್ಮೇಳನದ ಬಳಿಕ ವಿಶ್ವ ಆರೋಗ್ಯ ಸಂಸ್ಥೆಯು ಸಮುದಾಯದಲ್ಲಿಯೇ ಪುನರ್ವಸತಿ ಎಂಬ ಕ್ರಮವನ್ನು ರೂಪಿಸಿತು: ಊರಿನವರಿಗೂ ಮನೆಯವರಿಗೂ ತರಬೇತಿ ಕೊಡುವುದು, ಕಠಿಣ ಪ್ರಸಂಗಗಳನ್ನು ಮಾತ್ರ ಆಸ್ಪತ್ರೆಗೆ ಕಳುಹಿಸುವುದು. ಅರೆಕಲಿತ ಕೈಗಳಿಂದ ಅಪಾಯವಿಲ್ಲವೆ ಎಂದು ಕೆಲವರು ಕೇಳುವರು. ಶಂಕೆ ನ್ಯಾಯವಾದುದೇ, ಅದಕ್ಕೆ ಪರಿಹಾರವು ತಜ್ಞರ ಮೇಲ್ವಿಚಾರಣೆಯೇ ಹೊರತು ಸೇವೆಯನ್ನೇ ಕೈಬಿಡುವುದಲ್ಲ.

ನಮ್ಮ 2016ರ ಕಾಯಿದೆಯು ಪುನರ್ವಸತಿಯ ಹೊಣೆಯನ್ನು ಸರಕಾರದ ಮೇಲೆ ಹೊರಿಸಿದೆ. ಆದರೆ ‘ಆರ್ಥಿಕ ಸಾಮರ್ಥ್ಯದ ಮಿತಿಯಲ್ಲಿ’ ಎಂಬ ಮಾತನ್ನೂ ಸೇರಿಸಿದೆ. ಹಣವಿದ್ದಾಗ ಕೊಡುವುದು ದಯೆ, ಕೊಡಲೇಬೇಕಾದುದು ಹಕ್ಕು. ಆ ಮಾತು ನೆಪವಾಗದಂತೆ ಕಾಯತಕ್ಕವರು ನಾವೇ. ವಿದ್ಯಾರ್ಥಿಗಳು ನಾಳೆ ತಮ್ಮ ಕಾಲೇಜಿನ ಪುಸ್ತಕಾಲಯದ ಮೆಟ್ಟಿಲುಗಳನ್ನೊಮ್ಮೆ ಎಣಿಸಿ ನೋಡಲಿ. ಅಲ್ಲಿಗೆ ಬರಲಾಗದವರು ಯಾರೆಂಬುದು ಆಗ ತಿಳಿದೀತು.