ಕುಸಿಯುವ ನೆಲದ ಲೆಕ್ಕ ಯಾರದ್ದು?

ನಮ್ಮ ಮನೆಯ ಗೋಡೆ ಬಿರುಕು ಬಿಟ್ಟಾಗ ಅಬ್ಬಾ ಬಿರುಕಿನ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆದರು. ಬಿರುಕು ಗೆರೆ ದಾಟಿದರೆ ಮೇಸ್ತ್ರಿಯನ್ನು ಕರೆಸಬೇಕು ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ರೇಡಾರ್ ಉಪಗ್ರಹ ಮಾಡುವುದೂ ಇಂಥದ್ದೇ ಕೆಲಸ. ಅದು ನೆಲದತ್ತ ರೇಡಿಯೋ ಅಲೆ ಕಳಿಸಿ, ಮರಳಿ ಬಂದ ಅಲೆಯನ್ನು ದಾಖಲಿಸುತ್ತದೆ. ಕೆಲವು ದಿನಗಳ ನಂತರ ಅದೇ ಜಾಗವನ್ನು ಮತ್ತೆ ಅಳೆಯುತ್ತದೆ. ಮೋಡ, ಕತ್ತಲು ಅಡ್ಡಿಯಾಗುವುದಿಲ್ಲ. ನಾವು ಕಾಮರ್ಸ್‌ನವರು ಎರಡು ವರ್ಷದ ಬ್ಯಾಲೆನ್ಸ್ ಶೀಟ್ ಅಕ್ಕಪಕ್ಕ ಇಟ್ಟು ವ್ಯತ್ಯಾಸ ನೋಡುವಂತೆ, ಎರಡು ಸಲದ ಅಲೆಗಳನ್ನು ಹೋಲಿಸಿದರೆ ನೆಲ ಎಷ್ಟು ಸೆಂಟಿಮೀಟರ್ ಸರಿದಿದೆ ಎಂದು ತಿಳಿಯುತ್ತದೆ. ಆ ಅಂಕಿಗಳನ್ನು ಗಣಿತದ ಮಾದರಿಗೆ ಹಾಕಿ, ನೆಲದಡಿ ಏನಾಗುತ್ತಿರಬಹುದೆಂದು ವಿಜ್ಞಾನಿಗಳು ಅಂದಾಜಿಸುತ್ತಾರೆ.

ಉತ್ತರಾಖಂಡದ ಜೋಶಿಮಠ ಹಳೆಯ ಭೂಕುಸಿತದ ರಾಶಿಯ ಮೇಲಿದೆ ಎಂದು ಮಿಶ್ರಾ ಸಮಿತಿ 1976ರಲ್ಲೇ ಎಚ್ಚರಿಸಿತ್ತು. 2023ರ ಜನವರಿಯಲ್ಲಿ ಅಲ್ಲಿ ನೂರಾರು ಮನೆಗಳು ಬಿರುಕು ಬಿಟ್ಟವು. 2022ರ ಡಿಸೆಂಬರ್ 27ರಿಂದ ಜನವರಿ 8ರೊಳಗೆ, ಕೇವಲ 12 ದಿನಗಳಲ್ಲಿ, ನೆಲ 5.4 ಸೆಂಟಿಮೀಟರ್ ಕುಸಿದಿದೆ ಎಂದು ಇಸ್ರೋದ ರಾಷ್ಟ್ರೀಯ ದೂರಸಂವೇದಿ ಕೇಂದ್ರ ವರದಿ ಮಾಡಿತು. ಸ್ವಲ್ಪದರಲ್ಲೇ ಆ ವರದಿ ವೆಬ್‌ಸೈಟಿನಿಂದ ಮಾಯವಾಯಿತು. ಜನರಲ್ಲಿ ಗೊಂದಲವಾಗುತ್ತದೆ, ಮಾಹಿತಿ ಹಂಚಬೇಡಿ ಎಂದು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಸಂಸ್ಥೆಗಳಿಗೆ ಸೂಚಿಸಿತು. ಉತ್ತರಾಖಂಡ ಹೈಕೋರ್ಟ್ ಪ್ರಶ್ನಿಸಿದ ಮೇಲೆ, ಸೆಪ್ಟೆಂಬರ್‌ನಲ್ಲಷ್ಟೇ ವಿವಿಧ ಸಂಸ್ಥೆಗಳ ವರದಿಗಳು ಹೊರಬಂದವು.

ಅರ್ಧಂಬರ್ಧ ತಿಳಿದ ಅಂಕಿ ಹೆದರಿಕೆ ಹುಟ್ಟಿಸುತ್ತದೆ ಎಂಬ ಮಾತನ್ನು ನಾನು ಒಪ್ಪುತ್ತೇನೆ. ಆದರೆ ಅದಕ್ಕೆ ಮದ್ದು ಅಂಕಿಯನ್ನು ಮುಚ್ಚಿಡುವುದಲ್ಲ, ಬಿಡಿಸಿ ಹೇಳುವುದು. ಅಷ್ಟಕ್ಕೂ ಯುರೋಪಿನ ಸೆಂಟಿನೆಲ್-1 ರೇಡಾರ್ ಉಪಗ್ರಹದ ಮಾಹಿತಿ ಜಗತ್ತಿನಲ್ಲಿ ಯಾರಿಗಾದರೂ ಉಚಿತವಾಗಿ ಸಿಗುತ್ತದೆ. ದೂರದ ದೇಶದ ಸಂಶೋಧಕನಿಗೆ ಕಾಣುವುದು ಆ ಮನೆಯಲ್ಲಿ ಮಲಗುವವರಿಗೆ ಕಾಣಬಾರದೇ?

ಕಂಪನಿಯು ಷೇರುದಾರರಿಗೆ ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸಲೇಬೇಕು ಎಂದು ನಮಗೆ ಪಾಠ ಮಾಡುತ್ತಾರೆ. ಷೇರುದಾರ ಹಾಕಿರುವುದು ಹಣ ಮಾತ್ರ. ಜೋಶಿಮಠದವರದ್ದು ಮನೆ, ಮಕ್ಕಳು, ಜೀವ. ಕುಸಿಯುವ ಅಪಾಯವಿರುವ ಪ್ರತಿ ಊರಿನ ರೇಡಾರ್ ಲೆಕ್ಕವನ್ನು ಅಲ್ಲಿಯ ಜನರ ಭಾಷೆಯಲ್ಲೇ, ಪಂಚಾಯಿತಿ ಅಥವಾ ಪುರಸಭೆಯ ಗೋಡೆಗೆ ಹಚ್ಚಬೇಕು.

ಅಬ್ಬಾ ಆ ಗೆರೆಯನ್ನು ಕ್ಯಾಲೆಂಡರ್ ನೇತುಹಾಕಿ ಮುಚ್ಚಿದ್ದರೆ ಬಿರುಕು ಬೆಳೆಯುವುದು ನಿಲ್ಲುತ್ತಿರಲಿಲ್ಲ. ನಮಗೆ ಗೊತ್ತಾಗುತ್ತಿರಲಿಲ್ಲ, ಅಷ್ಟೇ.