ಬಂದರಿನ ಲೆಕ್ಕದಲ್ಲಿ ಘಟ್ಟದ ಪಾಲೆಷ್ಟು?

ಕರಾವಳಿಗೆ ದೊಡ್ಡ ಬಂದರು, ಅಲ್ಲಿಗೆ ಹುಬ್ಬಳ್ಳಿ–ಅಂಕೋಲಾ ರೈಲು ಬಂದರೆ ಯಲ್ಲಾಪುರ, ಶಿರಸಿ, ಸಿದ್ದಾಪುರಗಳ ದೆಸೆ ತಿರುಗುತ್ತದೆ ಎಂಬ ಲೇಖನವೊಂದರ ವಾದ ಕೇಳಲು ಇಂಪು; ಚರಿತ್ರೆ ಅದರ ಪರ ಸಾಕ್ಷಿ ಹೇಳುವುದಿಲ್ಲ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ನಿಂತಾಗ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟೆಯಲ್ಲಿ ಹಡಗು ಏರಿತು. 1888ರ ಹೊತ್ತಿಗೆ ಮರ್ಮಗೋವಾಕ್ಕೆ ರೈಲು ಹೋಯಿತು, ಹತ್ತಿಯೂ ಹಿಂದೆಯೇ ಹೋಯಿತು. ಹೊರದೇಶದ ಕಥೆಯೂ ಬೇರೆಯಲ್ಲ. ಕೆನಡಾದ ಚರ್ಚಿಲ್ ಬಂದರು 1931ರಿಂದ ಗೋಧಿ ಕಳಿಸುತ್ತಿತ್ತು. 2016ರಲ್ಲಿ ಖಾಸಗಿ ಒಡೆಯರು ಧಾನ್ಯ ಸಾಗಣೆ ನಿಲ್ಲಿಸಿದರು, ಮರುವರ್ಷ ನೆರೆಗೆ ಹಳಿ ಹಾಳಾಗಿ ಊರು ವರ್ಷಕ್ಕೂ ಮಿಕ್ಕಿ ರೈಲಿಲ್ಲದೆ ಕುಳಿತಿತು. ದೂರದ ಸರಕನ್ನೇ ನಂಬಿದ ಬಂದರಿನ ಆಯುಷ್ಯ ಸರಕಿನವರ ಕೈಯಲ್ಲಿರುತ್ತದೆ.

ಕಾಲ ಬದಲಾಗಿದೆ ಎನ್ನಬಹುದು. ಹಾಗಾದರೆ ನಮ್ಮ ಕರಾವಳಿಯ ಬೇಲೇಕೇರಿ ಬಂದರನ್ನೇ ನೋಡೋಣ, ಅದು ತೀರ ಈಚಿನದು. ಬಳ್ಳಾರಿಯ ಅದಿರು ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯಿತು. ಘಟ್ಟದವರಿಗೆ ದಕ್ಕಿದ್ದು ಕೆಂಪು ಧೂಳು, ಕಿತ್ತ ರಸ್ತೆ. 2010ರಲ್ಲಿ ಜಪ್ತಿಯಾದ ಅದಿರೇ ಬಂದರಿನಿಂದ ಮಾಯವಾಯಿತು! ನಮ್ಮ ಅಡಿಕೆಗೆ ಅನುಕೂಲವಾಗುತ್ತದೆ ಎಂಬುದು ಇನ್ನೊಂದು ಮಾತು. ಶಿರಸಿಯಲ್ಲಿ 1923ರಿಂದ ತೋಟಗಾರರ ಸಹಕಾರಿ ಸಂಘವಿದೆ. ಅಲ್ಲಿ ಮಾರಾಟವಾದ ಅಡಿಕೆಯ ಮುಖ್ಯ ಗಿರಾಕಿ ಉತ್ತರ ಭಾರತ, ಹಡಗಲ್ಲ. ಇನ್ನು ಜನರ ಓಡಾಟಕ್ಕೆ ರೈಲು ಬೇಕೆನ್ನುವುದು ನ್ಯಾಯವಾದ ಬೇಡಿಕೆಯೇ. ಆದರೆ ಪ್ರಯಾಣಿಕರ ಹೆಸರಿನಲ್ಲಿ ಅದಿರಿನ ಹಳಿಗೆ ಕಾಡು ಕಡಿಯುವುದಾದರೆ, ಯೋಜನೆಯ ಕಡತದಲ್ಲಿ ಎಷ್ಟು ಬೋಗಿ ಜನರಿಗೆ, ಎಷ್ಟು ಸರಕಿಗೆ ಎಂಬುದನ್ನು ಲೇಖಕರು ಮೊದಲು ತೋರಿಸಲಿ.